ನಲವತ್ತಮೂರು ಬಾಗಿಲು

ಜನವರಿ 9

ಮಗಳಿಗೆ,

ಇದು ಕ್ಷೇಮ ಸಮಾಚಾರದ ಕಾಗದವಲ್ಲ. ಶಾಲೆಯ ಕೆಲಸಕ್ಕೆ ಬರೆಯುತ್ತಿದ್ದೇನೆ.

ನಮ್ಮ ಸಂಗೀತ ಶಾಲೆಯ ಹೊಸ ಕಟ್ಟಡಕ್ಕೆ ಲಾಂಛನ, ಬಾಗಿಲುಗಳ ಫಲಕ, ದಾರಿ ತೋರಿಸುವ ಬೋರ್ಡು, ಎಲ್ಲವನ್ನೂ ಮಾಡಿಕೊಡಲು ಸಮಿತಿಯವರು ನಿನ್ನ ಕಚೇರಿಯನ್ನು ಆರಿಸಿದ್ದಾರೆ. ನಾಲ್ಕು ಜನ ನಮೂನೆ ಕಳಿಸಿದ್ದರು. ಹೆಸರು ಮುಚ್ಚಿಟ್ಟು ಆರಿಸಿದ್ದು. ಲಕೋಟೆ ಒಡೆದಾಗ ನಿನ್ನ ಹೆಸರು ಬಂತು. ನಾನೂ ನಿನ್ನದಕ್ಕೇ ಕೈ ಎತ್ತಿದ್ದೆ, ಆದರೆ ನೀನೆಂದು ತಿಳಿದು ಎತ್ತಿದ್ದಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ನಿಮ್ಮಪ್ಪ ಹೋದಾಗ ಎರಡು ದಿನಕ್ಕೆ ಬಂದು ಹೋದವಳು ನೀನು. ನಾಲ್ಕು ವರ್ಷವಾಯಿತು. ಆ ಮಾತನ್ನು ಇಲ್ಲಿ ತರುವುದಿಲ್ಲ.

ಹಳೆಯ ಕಟ್ಟಡದಲ್ಲಿ ಮೂವತ್ತೊಂಬತ್ತು ವರ್ಷ ಒಂದು ಬಾಣದ ಗುರುತೂ ಬೇಕಾಗಿರಲಿಲ್ಲ. ಮೆಟ್ಟಿಲ ಹತ್ತಿರ ನಿಂತರೆ ಸಾಕು, ಪಿಟೀಲು ಎಡಗಡೆ, ಹಾಡು ಬಲಗಡೆ, ಡ್ರಮ್ಮು ಹಿಂದುಗಡೆ, ಕೊಳಲು ಮೇಲಿನ ಮಹಡಿ. ಕಿವಿಯಿದ್ದವರು ಹೋಗುತ್ತಿದ್ದರು. ಕಿವಿಯಿಲ್ಲದವರಿಗೆ ಅಲ್ಲೇನು ಕೆಲಸ? ಹೊಸ ಕಟ್ಟಡದಲ್ಲಿ ಗೋಡೆಗೆಲ್ಲ ಹತ್ತಿಯಂಥದ್ದೇನೋ ತುಂಬಿದ್ದಾರೆ. ಒಳಗೆ ಡ್ರಮ್ಮು ಹರಿದುಹೋಗುವಂತೆ ಬಡಿದರೂ ಹೊರಗೆ ಆಸ್ಪತ್ರೆಯ ಹಾಗೆ ಗಪ್‌ಚುಪ್. ಮೊನ್ನೆ ನೋಡಲು ಹೋದ ಇಬ್ಬರು ಮಾಸ್ತರರು ದಾರಿ ತಪ್ಪಿ ನೀರಿನ ಪಂಪಿನ ಕೋಣೆಯಲ್ಲಿ ನಿಂತಿದ್ದರಂತೆ. ಬೋರ್ಡು ಬೇಕು ಎಂದು ಒಪ್ಪಿದ್ದೇನೆ.

ಫೋನಿನಲ್ಲಿ ಮಾತು ಬೇಡ. ಶಾಲೆಯ ಪದ್ಧತಿ ನಿನಗೆ ಗೊತ್ತು. ಸೇರಿಸಿಕೊಂಡದ್ದು, ತೆಗೆದದ್ದು, ಬೈದದ್ದು, ಹೊಗಳಿದ್ದು, ಏನಿದ್ದರೂ ಬರೆದು ಹೊರಗಿನ ಸೂಚನಾ ಫಲಕಕ್ಕೆ ಹಾಕುವುದು. ಬಾಯಲ್ಲಿ ಹೇಳಿದರೆ ವಾದ ಬರುತ್ತದೆ, ಅಳು ಬರುತ್ತದೆ. ಬರೆದದ್ದರ ಮುಂದೆ ನಿಂತು ಯಾರೂ ವಾದ ಮಾಡುವುದಿಲ್ಲ. ಆದ್ದರಿಂದ ಕಾಗದದಲ್ಲೇ ಬರಲಿ.

ಕಾರ್ಯದರ್ಶಿ


ಜನವರಿ 20

ಮಾನ್ಯ ಕಾರ್ಯದರ್ಶಿಯವರಿಗೆ,

ತಮ್ಮ ಪತ್ರ ತಲುಪಿತು. ಕೆಲಸವನ್ನು ಸಂತೋಷದಿಂದ ಒಪ್ಪಿಕೊಂಡಿದ್ದೇವೆ. ಎಲ್ಲವನ್ನೂ ತಾವು ಬಯಸಿದಂತೆ ಬರವಣಿಗೆಯಲ್ಲೇ ಇಡುತ್ತೇನೆ.

ನಾವು ಮೊದಲು ಕಟ್ಟಡವನ್ನು ನೋಡುವುದಿಲ್ಲ, ಅದರೊಳಗೆ ನಡೆಯುವವರನ್ನು ನೋಡುತ್ತೇವೆ. ಅಕ್ಷರ ಬಾರದ ಐದು ವರ್ಷದ ಮಗು, ಕನ್ನಡಕ ಮನೆಯಲ್ಲಿ ಬಿಟ್ಟುಬಂದ ತಾತ, ತನಗಿಂತ ದೊಡ್ಡ ಪೆಟ್ಟಿಗೆ ಹೊತ್ತು ಮೆಟ್ಟಿಲು ಹತ್ತುವ ಹುಡುಗಿ. ಇವರಿಗೆ ದಾರಿ ಸಿಕ್ಕರೆ ಉಳಿದವರಿಗೆ ಸಿಕ್ಕ ಹಾಗೇ. ಆದ್ದರಿಂದ ಮಹಡಿಗೊಂದು ಬಣ್ಣ. ಬಾಗಿಲಿನ ಸಂಖ್ಯೆ ಮಗುವಿನ ಕಣ್ಣಿನ ಎತ್ತರಕ್ಕೊಂದು, ದೊಡ್ಡವರ ಎತ್ತರಕ್ಕೊಂದು. ಬಾಣದ ಗುರುತು ಎಲ್ಲೆಂದರಲ್ಲಿ ಬೇಡ, ಮನುಷ್ಯ ನಿಂತು ಯೋಚಿಸುವ ಜಾಗದಲ್ಲಿ ಮಾತ್ರ. ನೆಟ್ಟಗೆ ನಡೆಯುತ್ತಿರುವವನಿಗೆ ಬಾಣ ತೋರಿಸುವುದು ಬೆನ್ನು ತಳ್ಳಿದ ಹಾಗೆ.

ಲಾಂಛನಕ್ಕೆ ಸಮಿತಿಯವರು ಪಿಟೀಲು, ಅದರ ಹಿಂದೆ ಸೂರ್ಯಕಿರಣ ಕೇಳಿದ್ದಾರೆ. ನಾನು ಒಂದೇ ಒಂದು ಗೆರೆ ಬರೆದು ಕಳಿಸಿದ್ದೇನೆ. ಕಮಾನು ತಂತಿಯ ಮೇಲೆ ಒಂದು ಸಲ ಎಳೆದರೆ ಹೇಗೋ ಹಾಗೆ, ಶುರುವಿನಲ್ಲಿ ದಪ್ಪ, ಕೊನೆಯಲ್ಲಿ ಸಣ್ಣ. ಶಾಲೆಯ ಸ್ಥಾಪಕರ ಕೈ ಅದು.

ಬಾಗಿಲುಗಳ ಪಟ್ಟಿಯನ್ನು ಪ್ರಾಂಶುಪಾಲರಲ್ಲಿ ಕೇಳಿದ್ದೇನೆ.

ಇತಿ,
ವಿನ್ಯಾಸಗಾರ್ತಿ


ಜನವರಿ 29

ಮಗಳಿಗೆ,

ಹೆತ್ತವಳಿಗೆ ಮಾನ್ಯ ಎಂದೂ ತಮ್ಮ ಎಂದೂ ಬರೆದಿದ್ದೀಯ. ಮಾನ್ಯತೆ ಕೊಟ್ಟದ್ದಕ್ಕೆ ಉಪಕಾರವಾಯಿತು. ನಿಮ್ಮಣ್ಣನಿಗೂ ಪ್ರಾಂಶುಪಾಲರು ಎಂದಿದ್ದೀಯ. ಅವನು ಓದಿ ನಕ್ಕ. ನಾನು ನಗಲಿಲ್ಲ.

ಮಹಡಿಗೊಂದು ಬಣ್ಣ ಎಂದರೆ ಮಿಠಾಯಿ ಅಂಗಡಿಯಾಗುತ್ತದೆಯೇನೋ ಎಂದು ಅನುಮಾನವಿತ್ತು. ಮಕ್ಕಳಿಗೆ ಅಕ್ಷರ ಬರುವುದಿಲ್ಲ ಎಂಬ ಮಾತು ಸರಿಯಾಗಿದೆ, ಒಪ್ಪಿದ್ದೇನೆ. ಗಿಲೀಟು ಬಣ್ಣ ಮಾತ್ರ ಬೇಡ.

ಲಾಂಛನ ನೋಡಿದೆ. ಮೊದಲು ಹಲ್ಲುಜ್ಜುವ ಬ್ರಷ್ಷು ಎಂದುಕೊಂಡೆ. ನಿಮ್ಮಪ್ಪನ ಕೈ ಎನ್ನುತ್ತೀಯ. ನಿಮ್ಮಪ್ಪ ಕಮಾನನ್ನು ಮೆಲ್ಲಗೆ ಇಟ್ಟು ಕೊನೆಯಲ್ಲಿ ಒತ್ತುತ್ತಿದ್ದರು. ಅದಕ್ಕೇ ಅವರು ನುಡಿಸಿ ನಿಲ್ಲಿಸಿದ ಮೇಲೂ ಕೋಣೆಯಲ್ಲಿ ಏನೋ ಉಳಿದಿರುತ್ತಿತ್ತು. ನೀನು ಅದನ್ನು ತಿರುವುಮುರುವಾಗಿ ಕೇಳಿಸಿಕೊಂಡಿದ್ದೀಯ.

ನನ್ನ ಬಾಗಿಲಿನ ವಿಷಯ. ಫಲಕದಲ್ಲಿ ಕಾರ್ಯದರ್ಶಿ ಎಂದು ಮಾತ್ರ ಇರಲಿ. ಹೆಸರು ಬೇಡ. ಹೆಸರಿನವರು ಬರುತ್ತಾರೆ, ಹೋಗುತ್ತಾರೆ, ಕೆಲಸ ಇರುತ್ತದೆ. ಹೊಸ ಕಟ್ಟಡದ ಹೆಬ್ಬಾಗಿಲು ದಾಟಿದ ಕೂಡಲೇ ಬಲಗಡೆ ಒಂದು ಗಾಜಿನ ಕೋಣೆ ಇದೆ. ಅಲ್ಲಿ ಕೂತರೆ ಯಾರು ಬಂದರು, ಯಾರು ಎಷ್ಟು ನಿಮಿಷ ತಡ, ಎಲ್ಲ ಕಾಣುತ್ತದೆ. ಅದು ನನ್ನದೇ ಎಂದು ಯಾರೂ ಹೇಳಬೇಕಾಗಿಲ್ಲ. ಈಗಿನ ಕೋಣೆಯಲ್ಲಿ ಕುರ್ಚಿಯನ್ನು ಓರೆಯಾಗಿ ಹಾಕಿಕೊಂಡು ಮೂವತ್ತೊಂಬತ್ತು ವರ್ಷ ಮೆಟ್ಟಿಲು ಕಾದಿದ್ದೇನೆ. ಕುತ್ತಿಗೆ ಒಂದು ಕಡೆಗೇ ತಿರುಗುವ ಹಾಗಾಗಿದೆ. ಇನ್ನು ಮುಂದೆ ನೆಟ್ಟಗೆ ಕೂರಬಹುದು.

ಅಮ್ಮ


ಮಾರ್ಚ್ 5

ಅಮ್ಮನಿಗೆ,

ತಡವಾಯಿತು. ಬೇರೆ ಕೆಲಸಗಳಿದ್ದವು.

ಲಾಂಛನ ತಿರುಗಿಸಿದ್ದೇನೆ. ಶುರುವಿನಲ್ಲಿ ಸಣ್ಣ, ಕೊನೆಯಲ್ಲಿ ದಪ್ಪ. ನಿಮ್ಮ ಮಾತು ಸರಿ, ಈಗ ಅದು ಗೆರೆಯ ಹಾಗಿಲ್ಲ, ಸದ್ದಿನ ಹಾಗಿದೆ. ಸಮಿತಿಯವರಿಗೂ ಹಿಡಿಸಿತಂತೆ. ಸೂರ್ಯಕಿರಣ ಕೇಳಿದವರು ಈಗ ಕೇಳುತ್ತಿಲ್ಲ.

ಅಕ್ಷರಗಳ ನಮೂನೆ ಇದರ ಜೊತೆ ಇದೆ. ಒತ್ತಕ್ಷರಗಳು ಕೆಳಗೆ ಇಳಿಯುವುದರಿಂದ ಫಲಕಗಳನ್ನು ಎರಡು ಬೆರಳು ಎತ್ತರ ಮಾಡಿಸಿದ್ದೇನೆ, ಇಲ್ಲದಿದ್ದರೆ ಅಕ್ಷರಗಳಿಗೆ ಉಸಿರು ಕಟ್ಟುತ್ತದೆ. ಮೊದಲನೆಯ ಮಹಡಿಗೆ ಇಟ್ಟಿಗೆ ಬಣ್ಣ, ಎರಡನೆಯದಕ್ಕೆ ಹಸಿರು, ಮೂರನೆಯದಕ್ಕೆ ಸಾಸಿವೆ ಬಣ್ಣ. ಗಿಲೀಟು ಎಲ್ಲೂ ಇಲ್ಲ.

ಅಣ್ಣ ಕಟ್ಟಡದ ನಕ್ಷೆ ಮತ್ತು ಕೋಣೆಗಳ ಪಟ್ಟಿ ಕಳಿಸಿದ. ನಿಮ್ಮ ಬಾಗಿಲಿನ ವಿಷಯ ಬರೆದಿದ್ದಿರಿ. ಅದರ ಬಗ್ಗೆ ಅಣ್ಣನ ಹತ್ತಿರ ಒಮ್ಮೆ ಕೂತು ಮಾತಾಡಿ.

ಇತಿ


ಮಾರ್ಚ್ 12

ಮಗಳಿಗೆ,

ಐದು ವಾರ ಬಿಟ್ಟು ಬರೆದಿದ್ದೀಯ, ಅದರಲ್ಲಿ ನನ್ನ ಬಾಗಿಲಿಗೆ ಒಂದೇ ಸಾಲು. ಅದೂ ನಾನು ಹೋಗಿ ಕೇಳಬೇಕು ಎಂದು. ನನ್ನ ಹೊಟ್ಟೆಯಲ್ಲಿ ಹುಟ್ಟಿದವನ ಮುಂದೆ ನಿಂತು ನನಗೊಂದು ಬಾಗಿಲು ಕೊಡಪ್ಪಾ ಎನ್ನಲೇ? ನಿಮ್ಮಣ್ಣನಿಗೆ ಮೊದಲ ದಿನ ಹಾಜರಿ ಪುಸ್ತಕ ಬರೆಯುವುದನ್ನು ಕಲಿಸಿದವಳು ನಾನು.

ಅವನು ದಿನಾ ಮಧ್ಯಾಹ್ನ ನಮ್ಮ ಮನೆಗೇ ಊಟಕ್ಕೆ ಬರುತ್ತಾನೆ. ಎದುರಿಗೆ ಕೂರುತ್ತೇನೆ. ಗೋಡೆ ಬಣ್ಣ ಒಣಗಿತು ಎನ್ನುತ್ತಾನೆ, ಲಿಫ್ಟು ಬಂತು ಎನ್ನುತ್ತಾನೆ, ಮಜ್ಜಿಗೆ ಹಾಕಿಸಿಕೊಂಡು ಏಳುತ್ತಾನೆ. ಬಾಗಿಲಿನ ಮಾತು ಇದ್ದರೆ ಅವನೇ ಎತ್ತುತ್ತಿದ್ದ. ಎತ್ತಿಲ್ಲ ಎಂದರೆ ಅದರಲ್ಲಿ ಎತ್ತುವಂಥದ್ದೇನೂ ಇಲ್ಲ.

ನಿನಗೆ ನನ್ನ ಫಲಕ ಬರೆಯುವುದು ಕಷ್ಟವಾಗಿದ್ದರೆ ಹೇಳು. ಬೀದಿ ಕೊನೆಯ ಪೇಂಟರು ಒಂದು ಬೆಳಗಿನಲ್ಲಿ ಬರೆದುಕೊಡುತ್ತಾನೆ. ನೀನು ಆ ಕೆಲಸ ಕಲಿತದ್ದು ನನ್ನ ಕಚೇರಿಯಲ್ಲೇ ಎಂಬುದನ್ನು ಮರೆಯಬೇಡ. ಚಪ್ಪಲಿ ಹೊರಗೆ ಬಿಡಿ ಎಂದು ನೀನು ಹದಿನೈದನೇ ವಯಸ್ಸಿನಲ್ಲಿ ಬರೆದ ಬೋರ್ಡು ಇನ್ನೂ ಇದೆ. ಅಕ್ಷರ ಒಂದಿಷ್ಟೂ ಕದಲಿಲ್ಲ.

ಬಣ್ಣಗಳು ಪರವಾಗಿಲ್ಲ.

ಅಮ್ಮ


ಏಪ್ರಿಲ್ 2

ಅಮ್ಮನಿಗೆ,

ಫಲಕಗಳನ್ನು ಕೊರೆಯಲು ಕೊಡುವ ಮೊದಲು ಶಾಲೆಯ ಕಡೆಯಿಂದ ಒಬ್ಬರು ಪಟ್ಟಿ ನೋಡಿ ಸಹಿ ಮಾಡಬೇಕು. ನಿಯಮದ ಪ್ರಕಾರ ಅದು ಕಾರ್ಯದರ್ಶಿಯವರ ಕೆಲಸ. ಕಳಿಸಿದ್ದೇನೆ. ಆರು ಪುಟ, ನಲವತ್ತಮೂರು ಬಾಗಿಲು.

ದಯವಿಟ್ಟು ನಿಧಾನವಾಗಿ ಓದಿ. ಅಕ್ಷರದ ತಪ್ಪು ಮಾತ್ರ ನೋಡಬೇಡಿ, ಅದನ್ನು ನಾನೂ ನೋಡಬಲ್ಲೆ. ಯಾವ ಬಾಗಿಲಿದೆ, ಯಾವುದಿಲ್ಲ, ಅದನ್ನು ನೋಡಿ. ಒಂದು ಸಲ ಕೊರೆದರೆ ಬದಲಾಯಿಸುವುದು ಕಷ್ಟ. ಏನಾದರೂ ಕೇಳಬೇಕೆನಿಸಿದರೆ ಕೇಳಿ, ಉತ್ತರ ಬರೆಯುತ್ತೇನೆ.

ಇತಿ


ಏಪ್ರಿಲ್ 10

ಮಗಳಿಗೆ,

ಆರು ಪುಟಕ್ಕೂ ಸಹಿ ಹಾಕಿದ್ದೇನೆ. ನಲವತ್ತಮೂರೂ ಓದಿದೆ, ಎರಡು ಸಲ. ಮೂರು ತಪ್ಪು ಸಿಕ್ಕಿತು, ಕೆಂಪು ಶಾಯಿಯಲ್ಲಿ ತಿದ್ದಿದೆ. ಹನ್ನೆರಡನೆಯ ಬಾಗಿಲಿನಲ್ಲಿ ಅಭ್ಯಾಸ ಎಂಬುದಕ್ಕೆ ಮಹಾಪ್ರಾಣ ಬಿಟ್ಟಿದ್ದೀಯ. ಉಸಿರು ಕಟ್ಟುತ್ತದೆ ಎಂದು ನೀನೇ ಬರೆದಿದ್ದೆ, ನೀನೇ ಕಟ್ಟಿಸಿದ್ದೀಯ.

ಪಟ್ಟಿಯಲ್ಲಿ ಯಾವುದಿಲ್ಲ ಎಂಬುದೂ ಕಣ್ಣಿಗೆ ಬಿತ್ತು. ನಾನು ಕುರುಡಿಯಲ್ಲ. ಯಾಕಿಲ್ಲ ಎಂದೂ ಅರ್ಥವಾಯಿತು. ಅದರ ಬಗ್ಗೆ ಈಗ ಮಾತು ಬೇಡ. ಕೆಲವನ್ನು ಪಟ್ಟಿಯಲ್ಲಿ ಹಾಕದೆ ಇರುವುದೇ ಮರ್ಯಾದೆ.

ಅಮ್ಮ


ಏಪ್ರಿಲ್ 18

ಅಮ್ಮ,

ನಿನ್ನ ಕಾಗದದ ಕೊನೆಯ ನಾಲ್ಕು ಸಾಲನ್ನು ಕಚೇರಿಯಲ್ಲಿ ಮತ್ತೆ ಮತ್ತೆ ಓದಿದೆ. ಒಂದೂವರೆ ತಿಂಗಳಿಂದ ಎದೆಯ ಮೇಲೆ ಕಲ್ಲಿಟ್ಟ ಹಾಗಿತ್ತು. ಅದು ಇಳಿಯಿತು.

ನೀನು ಇಷ್ಟು ಶಾಂತವಾಗಿ ತೆಗೆದುಕೊಳ್ಳುತ್ತೀಯ ಎಂದು ನಾನು ಅಂದುಕೊಂಡಿರಲಿಲ್ಲ, ಅಣ್ಣನೂ ಅಂದುಕೊಂಡಿರಲಿಲ್ಲ. ಮೂವತ್ತೊಂಬತ್ತು ವರ್ಷ ಕೂತ ಜಾಗ ಬಿಟ್ಟು ಬರುವುದು ಸಣ್ಣ ಮಾತಲ್ಲ. ನಾನಾಗಿದ್ದರೆ ಮನೆಮಂದಿಯನ್ನೆಲ್ಲ ಹಿಡಿದು ಜಗಳವಾಡುತ್ತಿದ್ದೆ. ನಿನ್ನಷ್ಟು ಗಟ್ಟಿ ನಾನಲ್ಲ.

ಇಷ್ಟು ದಿನ ನಿನಗೆ ಬಹುವಚನದಲ್ಲಿ ಬರೆದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಅಭ್ಯಾಸ ತಪ್ಪಿಹೋಗಿತ್ತು. ಮಹಾಪ್ರಾಣ ಹಾಕಿದ್ದೇನೆ, ನೋಡು.

ನಿನ್ನ ಮಗಳು


ಮೇ 20

ಮಗಳಿಗೆ,

ಜೂನ್ ಮೂರಕ್ಕೆ ಹೊಸ ಕಟ್ಟಡದ ಉದ್ಘಾಟನೆ. ಬೆಳಿಗ್ಗೆ ಹತ್ತಕ್ಕೆ. ನೀನು ಬರಬೇಕು. ಸಮಿತಿಯ ಆಹ್ವಾನ ಬೇರೆ ಬರುತ್ತದೆ, ಇದು ನನ್ನದು.

ಹಳೆಯ ಜಾಗ ಬಿಡುವುದು ಕಷ್ಟ ಎಂದು ನೀನು ಬರೆದಿದ್ದೆ. ನನಗೇನೂ ಕಷ್ಟವಿಲ್ಲ. ಮೇಲಿನ ಮಹಡಿಯ ಮೂಲೆ ಸೋರುತ್ತಿತ್ತು, ಪಿಯಾನೊದ ಕೆಳಗಿನ ಹಲಗೆ ಗೆದ್ದಲು ಹಿಡಿದಿತ್ತು. ಕಟ್ಟಡ ಬಿಡುವುದಕ್ಕೆ ಯಾಕೆ ಜಗಳವಾಡಲಿ? ಆ ಕಾಗದ ಮೃದುವಾಗಿತ್ತು ಎಂದು ಮಾತ್ರ ಹೇಳುತ್ತೇನೆ. ಪೆಟ್ಟಿಗೆಯಲ್ಲಿಟ್ಟಿದ್ದೇನೆ.

ಇನ್ನು ನಾನೂ ಬಾಯಿ ಬಿಡುತ್ತೇನೆ. ಪಟ್ಟಿಯಲ್ಲಿ ನನ್ನ ಬಾಗಿಲು ಇಲ್ಲದ್ದು ನೋಡಿ ಮೊದಲು ಸಿಟ್ಟು ಬಂತು. ಆಮೇಲೆ ತಿಳಿಯಿತು. ಕಾರ್ಖಾನೆಯಲ್ಲಿ ಕೊರೆಯುವ ನಲವತ್ತಮೂರರ ಜೊತೆ ಅದನ್ನು ಹಾಕದೆ ನೀನೇ ಕೈಯಾರೆ ಬೇರೆ ಮಾಡುತ್ತಿದ್ದೀಯ. ಚಿಕ್ಕಂದಿನಲ್ಲೂ ಹಾಗೇ, ನಿಮ್ಮಪ್ಪನಿಗೆ ಏನಾದರೂ ಬರೆದರೆ ಮುಗಿಯುವವರೆಗೆ ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದೆ. ಅದಕ್ಕೇ ಕೇಳಲಿಲ್ಲ. ನಿಮ್ಮಣ್ಣನಿಗೂ ಹೇಳಿಲ್ಲ.

ನನ್ನ ಕುರ್ಚಿಗೆ ಹೊಸ ಬೆತ್ತ ಹೆಣೆಸಿ ಗಾಡಿಯಲ್ಲಿ ಕಳಿಸಿದ್ದೇನೆ. ನೀನು ಒಂಬತ್ತಕ್ಕೇ ಬಂದರೆ ಜನ ಸೇರುವ ಮೊದಲು ಫಲಕವನ್ನು ನೀನೇ ಕೈಯಿಂದ ಹಾಕಬಹುದು. ಮೊಳೆ, ಸುತ್ತಿಗೆ ನಾನು ತರುತ್ತೇನೆ.

ಅಮ್ಮ


ಜೂನ್ 4

ಮಗಳಿಗೆ,

ನಿನ್ನೆ ಉದ್ಘಾಟನೆಯಾಯಿತು. ನೀನು ಬರಲಿಲ್ಲ. ಉತ್ತರವನ್ನೂ ಬರೆಯಲಿಲ್ಲ.

ನಾನು ಎಂಟೂವರೆಗೆ ಹೋದೆ. ಚೀಲದಲ್ಲಿ ಸುತ್ತಿಗೆ ಇತ್ತು. ಹೆಬ್ಬಾಗಿಲು ದಾಟಿ ಬಲಕ್ಕೆ ತಿರುಗಿದೆ. ಗಾಜಿನ ಕೋಣೆಯ ಮೇಲೆ ನಿನ್ನ ಅಕ್ಷರದಲ್ಲಿ 'ವಿಚಾರಣೆ' ಎಂದಿತ್ತು. ಪಟ್ಟಿಯಲ್ಲಿ ಅದನ್ನು ಓದಿದ್ದೆ, ಎಲ್ಲೋ ಒಂದು ಕಿಟಕಿ ಇರಬೇಕು ಎಂದುಕೊಂಡಿದ್ದೆ. ಒಳಗೆ ಒಬ್ಬ ಹುಡುಗಿ ಕಂಪ್ಯೂಟರ್ ಮುಂದೆ ಕೂತಿದ್ದಳು. ಎದ್ದು ನಿಂತಳು, ಸುಳ್ಳು ಹೇಳಬಾರದು, ವಿನಯವಿತ್ತು.

"ಬನ್ನಿ ಅಜ್ಜಿ. ಯಾರನ್ನ ನೋಡ್ಬೇಕಿತ್ತು? ಮೊಮ್ಮಕ್ಕಳನ್ನ ಸೇರಿಸ್ಬೇಕಾ?"

"ಇದು ನನ್ನ ಕೋಣೆ."

"ಇಲ್ಲ ಅಜ್ಜಿ, ಇದು ವಿಚಾರಣೆ. ಮೇಲೆ ಬೋರ್ಡ್ ಇದೆ ನೋಡಿ. ನಿಮಗೆ ಯಾವ ಕೋಣೆಗೆ ಹೋಗ್ಬೇಕು ಹೇಳಿ, ನಾನು ಕರ್ಕೊಂಡು ಹೋಗ್ತೀನಿ."

"ಬೇಡ. ಬೋರ್ಡ್ ಇದೆಯಲ್ಲ" ಅಂದೆ.

ಅಲ್ಲಿಂದ ನಲವತ್ತಮೂರು ಬಾಗಿಲನ್ನೂ ನೋಡಿದೆ. ಯಾರನ್ನೂ ಕೇಳಲಿಲ್ಲ, ಕೇಳಬೇಕಾಗಲಿಲ್ಲ. ಇಟ್ಟಿಗೆ ಬಣ್ಣ ಮುಗಿದಲ್ಲಿ ಹಸಿರು ಬಂತು, ಹಸಿರು ಮುಗಿದಲ್ಲಿ ಸಾಸಿವೆ ಬಂತು. ಎಲ್ಲಿ ಕಾಲು ತಡೆಯಿತೋ ಅಲ್ಲೇ ಬಾಣವಿತ್ತು. ನನ್ನ ಬಾಗಿಲು ಮುಂದಿನದಿರಬೇಕು, ಅದರ ಮುಂದಿನದಿರಬೇಕು ಎಂದುಕೊಂಡು ನಡೆದೆ. ನಲವತ್ತೊಂದನೆಯದು ಸಾಮಾನು ಕೋಣೆ. ಬಾಗಿಲು ತೆರೆದಿತ್ತು. ಒಳಗೆ ಮುರಿದ ಸ್ಟ್ಯಾಂಡುಗಳ ಪಕ್ಕದಲ್ಲಿ ಹೊಸ ಬೆತ್ತ ಹೆಣೆದ ನನ್ನ ಕುರ್ಚಿ ಗೋಡೆಗೆ ಮುಖ ಮಾಡಿ ನಿಂತಿತ್ತು.

ಮೆಟ್ಟಿಲಲ್ಲಿ ನಿಮ್ಮಣ್ಣ ಸಿಕ್ಕಿದ. ಹೊಸ ಕೋಟು.

"ಅಮ್ಮ, ಮೇಲೇನು ಹುಡುಕ್ತಾ ಇದೀಯ?"

"ನನ್ನ ಬಾಗಿಲು."

ಅವನು ತನ್ನ ಬೂಟು ನೋಡಿಕೊಂಡ. ಆಮೇಲೆ ಕೋಣೆಗೆ ಹೋಗಿ ಫೈಲು ತಂದ. ಆರು ಪುಟ, ಆರು ಸಹಿ. "ನೀನೇ ನೋಡಿ ಸಹಿ ಹಾಕಿದೀಯಲ್ಲಮ್ಮ. ಅರ್ಥವಾಯ್ತು, ಮಾತು ಬೇಡ ಅಂತಾನೂ ಬರೆದಿದ್ಯಂತೆ. ಗೊತ್ತಾಗಿದೆ ಅಂದ್ಕೊಂಡ್ವಿ."

"ಅಂದ್ಕೊಂಡ್ವಿ ಅಂದ್ರೆ ಯಾರ್ಯಾರು?"

"ನಾನು, ತಂಗಿ."

ಹೊಸ ಕಟ್ಟಡಕ್ಕೆ ಕಾರ್ಯದರ್ಶಿ ಬೇಡವಂತೆ. ಹಾಜರಿ ಯಂತ್ರದಲ್ಲಿ ಆಗುತ್ತದಂತೆ. ನಾನು ತಡವಾಗಿ ಬಂದವರನ್ನು ವಾಪಸು ಕಳಿಸುತ್ತೇನೆ, ತಂದೆ ತಾಯಿಯರ ಮುಂದೆ ಮಾಸ್ತರರನ್ನು ಗದರುತ್ತೇನೆ ಎಂದು ಸಮಿತಿಗೆ ದೂರು ಹೋಗಿತ್ತಂತೆ. ಡಿಸೆಂಬರಿನಲ್ಲೇ ತೀರ್ಮಾನವಾಗಿತ್ತಂತೆ. ನಾನು ನಿನಗೆ ಮೊದಲ ಕಾಗದ ಬರೆದು ಕೆಳಗೆ ಕಾರ್ಯದರ್ಶಿ ಎಂದು ಹಾಕಿದಾಗ ನಾನು ಕಾರ್ಯದರ್ಶಿಯಾಗಿ ಉಳಿದಿರಲೇ ಇಲ್ಲ.

ಹತ್ತು ಗಂಟೆಗೆ ವೇದಿಕೆಗೆ ಕರೆದರು. "ಅಮ್ಮಾವ್ರು ಎರಡು ಮಾತಾಡಬೇಕು" ಅಂದರು. "ಕಟ್ಟಡ ಚೆನ್ನಾಗಿದೆ" ಅಂದೆ. ಎರಡೇ ಮಾತು. ಇಳಿದು ಮನೆಗೆ ಬಂದೆ.

ಒಂದು ಪ್ರಶ್ನೆ ಇದೆ. ಮೇ ಇಪ್ಪತ್ತರ ನನ್ನ ಕಾಗದ ನಿನ್ನ ಕೈಗೆ ಯಾವತ್ತು ಸಿಕ್ಕಿತು? ತಾರೀಖು ಬರಿ. ಬೇರೇನೂ ಬರೆಯಬೇಕಾಗಿಲ್ಲ.


ಜೂನ್ 13

ಅಮ್ಮ,

ಮೇ ಇಪ್ಪತ್ತಮೂರು.

ಹನ್ನೊಂದು ದಿನ ನನ್ನ ಮೇಜಿನ ಮೇಲಿತ್ತು. ಬೇರೇನೂ ಬರೆಯಬೇಡ ಎಂದಿದ್ದೀಯ, ಆದರೂ ಬರೆಯುತ್ತೇನೆ.

ಮಾರ್ಚ್‌ನಲ್ಲಿ ಅಣ್ಣ ಪಟ್ಟಿ ಕಳಿಸಿದಾಗ ಫೋನ್ ಮಾಡಿ ಕೇಳಿದೆ, ಅಮ್ಮನ ಕೋಣೆ ಎಲ್ಲಿ ಎಂದು. "ಅವಳಿಗೆ ಹೇಳೋದು ನಾನು ನೋಡ್ಕೋತೀನಿ, ನೀನು ಬೋರ್ಡ್ ನೋಡ್ಕೋ" ಅಂದ. ಹೇಳಲಿಲ್ಲ. ಅವನಿಗೆ ನಿನ್ನ ಮುಂದೆ ಬಾಯಿ ಬರುವುದಿಲ್ಲ, ನಲವತ್ತೈದು ವರ್ಷವಾದರೂ ಬಂದಿಲ್ಲ. ಅದಕ್ಕೇ ಪಟ್ಟಿಯನ್ನೇ ನಿನಗೆ ಕಳಿಸಿದೆ. ಪಟ್ಟಿ ಹೇಳಲಿ ಎಂದುಕೊಂಡೆ. ನಿನ್ನ ಉತ್ತರ ಬಂದಾಗ ಹೇಳಿಯಾಯಿತು ಎಂದು ನಿಜವಾಗಿಯೂ ನಂಬಿದೆ.

ಮೇ ಕಾಗದ ಓದಿದ ಮೇಲೆ ಮತ್ತೆ ಅಣ್ಣನಿಗೆ ಫೋನ್ ಮಾಡಿದೆ. "ನೀನೇ ಬರಿ, ನೀನು ದೂರ ಇದೀಯ. ನಾನು ದಿನಾ ಎದುರಿಗೆ ಕೂತು ಊಟ ಮಾಡ್ಬೇಕು" ಅಂದ. ನಾಲ್ಕು ಕಾಗದ ಶುರು ಮಾಡಿದೆ. ಒಂದರಲ್ಲಿ ಪೂರ್ತಿ ವಿಷಯ ಬರೆದು, ಲಕೋಟೆಗೆ ಹಾಕಿ, ವಿಳಾಸ ಬರೆದಿದ್ದೆ. ಅಂಚೆ ಪೆಟ್ಟಿಗೆ ನನ್ನ ಕಚೇರಿಯ ಬಾಗಿಲಲ್ಲೇ ಇದೆ. ಹಾಕಲಿಲ್ಲ.

ಯಾಕೆ ಎಂದು ನೀನು ಕೇಳಿಲ್ಲ. ನನ್ನ ಹದಿನಾಲ್ಕನೆಯ ವರ್ಷದಲ್ಲಿ ವಾರ್ಷಿಕ ಕಾರ್ಯಕ್ರಮಕ್ಕೆ ಹಾಡುವವರ ಪಟ್ಟಿಯನ್ನು ನೀನು ಫಲಕಕ್ಕೆ ಹಾಕಿದೆ. ಹನ್ನೆರಡು ಹೆಸರು, ನನ್ನದಿಲ್ಲ. ಹಿಂದಿನ ದಿನದವರೆಗೂ ನಾನು ಅವರ ಜೊತೆ ಹಾಡಿದ್ದೆ. ಬೆಳಿಗ್ಗೆ ಮನೆಯಲ್ಲಿ ನೀನೇ ನನ್ನ ಜಡೆ ಹಾಕಿದ್ದೆ, ಒಂದು ಮಾತು ಹೇಳಲಿಲ್ಲ. ಆ ಹನ್ನೆರಡು ಹುಡುಗಿಯರ ನಡುವೆ ನಿಂತು ಓದಿ ತಿಳಿದೆ. ಹಿಂದಿನಿಂದ ಒಬ್ಬಳು, "ಮನೆಯವಳಿಗೇ ಗೊತ್ತಿಲ್ವೇನೇ" ಅಂದಳು. ನೀನು ಆಗ ಒಳಗೆ ಕೆಲಸದಲ್ಲಿದ್ದೆ. ಮುಂದಿನ ವಾರದಿಂದ ನನ್ನನ್ನು ಕಚೇರಿಯಲ್ಲಿ ಕೂರಿಸಿ ಬೋರ್ಡು ಬರೆಸಿದೆ. ಶ್ರುತಿ ನಿಲ್ಲುತ್ತಿರಲಿಲ್ಲ, ನನಗೂ ಗೊತ್ತು. ಇಷ್ಟು ವರ್ಷ ದೂರ ಇದ್ದದ್ದು ತೆಗೆದದ್ದಕ್ಕಲ್ಲ ಅಮ್ಮ. ಜಡೆ ಹಾಕುವಾಗ ಹೇಳಬಹುದಿತ್ತು.

ಆ ಹನ್ನೊಂದು ದಿನ ಹೇಳಬೇಕು ಎಂದೂ ಅನಿಸುತ್ತಿತ್ತು, ಒಂದು ಸಲ ಅವಳೂ ಓದಿ ತಿಳಿಯಲಿ ಎಂದೂ ಅನಿಸುತ್ತಿತ್ತು. ಎರಡನೆಯದೇ ಗೆದ್ದಿತು. ಗೆದ್ದರೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ನಿನ್ನ ಕಾಗದದಲ್ಲಿ ಸುತ್ತಿಗೆ ಎಂದು ಓದಿದ ಮೇಲೆ ಊಟ ಸೇರುತ್ತಿಲ್ಲ.

ಇನ್ನೊಂದು ವಿಷಯ. ಫೆಬ್ರವರಿಯಲ್ಲಿ, ಅಣ್ಣನ ಪಟ್ಟಿ ಬರುವ ಮೊದಲು, ಎಲ್ಲಕ್ಕಿಂತ ಮೊದಲು ಮಾಡಿದ ಫಲಕ ನಿನ್ನದೇ. ನೀನು ಹೇಳಿದಂತೆ ಕಾರ್ಯದರ್ಶಿ ಎಂದು ಮಾತ್ರ. ಮರದಲ್ಲಿ, ಕೈಯಿಂದಲೇ ಕೆತ್ತಿದ್ದು. ಇನ್ನೂ ಇಲ್ಲೇ ಇದೆ. ಕಳಿಸಲೇ?

ನಿನ್ನ ಮಗಳು


ಜುಲೈ 8

ಮಗಳಿಗೆ,

ತಾರೀಖು ಸರಿಯಾಗಿ ಬರೆದೆ. ಅಂಚೆ ತಡವಾಯಿತು ಎಂದು ಬರೆಯುತ್ತೀಯೇನೋ ಎಂದುಕೊಂಡಿದ್ದೆ. ಬರೆದಿದ್ದರೆ ನಂಬುತ್ತಿದ್ದೆ, ನಂಬಿ ನೆಮ್ಮದಿಯಾಗಿರುತ್ತಿದ್ದೆ.

ಮೊದಲು ಕೆಲಸದ ಮಾತು. ಎರಡನೆಯ ಮಹಡಿಯಲ್ಲಿ ಲಿಫ್ಟಿನ ಎದುರಿನ ಬಾಣ ಕೊಳಲಿನ ಕೋಣೆಗೆ ಎಂದು ಬಾಲ್ಕನಿಗೆ ಕಳಿಸುತ್ತದೆ. ಬಚ್ಚಲಿನ ಫಲಕ ಮಕ್ಕಳ ಎತ್ತರಕ್ಕೆ ಹಾಕಿಲ್ಲ, ಅವಸರ ಅವರಿಗೇ ಹೆಚ್ಚು. ಇವೆರಡನ್ನು ಬಿಟ್ಟರೆ ತಪ್ಪು ಕಾಣಲಿಲ್ಲ. ಇದನ್ನು ನಿಮ್ಮಣ್ಣನಿಗೆ ನೀನೇ ತಿಳಿಸು. ಅವನು ಈಗಲೂ ಊಟಕ್ಕೆ ಬರುತ್ತಾನೆ. ಬಡಿಸುತ್ತೇನೆ. ಎದುರಿಗೆ ಕೂರುವುದಿಲ್ಲ. "ಮಜ್ಜಿಗೆ ಇದೆಯಾ ಅಮ್ಮ" ಎಂದು ಗೋಡೆಯನ್ನು ಕೇಳುತ್ತಾನೆ.

ಆ ಪಟ್ಟಿಯ ದಿನ ನಾನು ಒಳಗೆ ಕೆಲಸದಲ್ಲಿರಲಿಲ್ಲ. ಕಿಟಕಿಯಲ್ಲಿದ್ದೆ. ನೀನು ಓದುವುದನ್ನು ನೋಡಬೇಕು ಎಂದೇ ನಿಂತಿದ್ದೆ. ನೀನು ಒಂದು ಸಲ ಮೇಲಿನಿಂದ ಕೆಳಗೆ ಓದಿದೆ, ಇನ್ನೊಂದು ಸಲ ಕೆಳಗಿನಿಂದ ಮೇಲಕ್ಕೆ ಬೆರಳಿಟ್ಟು ಓದಿದೆ. ಆಮೇಲೆ ಹಾಳೆಯ ಒಂದು ಮೂಲೆಯ ಪಿನ್ನು ಸಡಿಲವಾಗಿತ್ತು, ಅದನ್ನು ಒತ್ತಿ ಗಟ್ಟಿ ಮಾಡಿ ಹೋದೆ. ನಾನಿದ್ದ ಕಡೆಯಿಂದ ನೀನು ನಿಂತಿದ್ದ ಜಾಗಕ್ಕೆ ಹದಿನಾಲ್ಕು ಮೆಟ್ಟಿಲು. ಇಳಿಯಲಿಲ್ಲ. ಕಾರ್ಯದರ್ಶಿಯ ಮಗಳಿಗೊಂದು ನಿಯಮ, ಬೇರೆಯವರ ಮಕ್ಕಳಿಗೊಂದು ನಿಯಮ ಇಲ್ಲ ಎಂದು ಎಲ್ಲರಿಗೂ ತೋರಿಸಿದೆನಲ್ಲ ಎಂಬ ಹೆಮ್ಮೆಯಲ್ಲಿ ನಿಂತಿದ್ದೆ. ಆ ಹೆಮ್ಮೆ ಈಗಲೂ ಪೂರ್ತಿ ಹೋಗಿಲ್ಲ. ಅದನ್ನೂ ಬರೆದುಬಿಡುತ್ತೇನೆ. ನಿಮ್ಮಪ್ಪ ಆ ರಾತ್ರಿ ಊಟ ಬಿಟ್ಟು ಎದ್ದರು, ಅವರೂ ಏನೂ ಹೇಳಲಿಲ್ಲ.

ನಿನಗೆ ಹನ್ನೊಂದು ದಿನವಿತ್ತು. ನನಗೆ ಇಪ್ಪತ್ತೆಂಟು ವರ್ಷವಿತ್ತು. ಇದನ್ನು ಒಪ್ಪುತ್ತೇನೆ. ಆದರೂ ನಿನ್ನ ಮೇಲಿನ ಸಿಟ್ಟು ಇಳಿದಿದೆ ಎಂದು ತಿಳಿಯಬೇಡ. ನಾನು ನಿನಗೆ ಮಾಡಿದಾಗ ಅದು ನಿಯಮ ಎಂದು ನಂಬಿ ಮಾಡಿದೆ. ನೀನು, ನೋವಾಗುತ್ತದೆ ಎಂದು ಗೊತ್ತಿದ್ದೂ ಮಾಡಿದೆ. ಯಾವುದು ದೊಡ್ಡ ತಪ್ಪು ಎಂದು ಈ ಮೂರು ವಾರ ಯೋಚಿಸಿದೆ. ದಿನಕ್ಕೊಂದು ಉತ್ತರ ಬರುತ್ತದೆ.

ಫಲಕ ಕಳಿಸಬೇಡ. ಅದಕ್ಕೆ ಬಾಗಿಲಿಲ್ಲ. ಮನೆಯ ಬಾಗಿಲಿಗೆ ಹಾಕಿಕೊಂಡು ಕೂರುವಷ್ಟು ನಾನು ಇಳಿದಿಲ್ಲ.

ಇದನ್ನೆಲ್ಲ ಬಾಯಲ್ಲಿ ಹೇಳಬೇಕು ಎಂದು ನಿನ್ನ ಕಾಗದ ಓದಿದ ದಿನವೇ ಅನಿಸಿತ್ತು. ನಂಬರು ನಿಮ್ಮಪ್ಪನ ಡೈರಿಯಲ್ಲಿ ಸಿಕ್ಕಿತು. ಮೊದಲು ಏನು ಹೇಳಬೇಕು ಎಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡೆ. ಹೋದ ಭಾನುವಾರ ಬೆಳಿಗ್ಗೆ ನಿನಗೊಂದು ಫೋನ್ ಬಂದು, ನೀನು ಮೂರು ಸಲ ಹಲೋ ಅಂದು, ಆಮೇಲೆ "ಯಾರು, ಅಣ್ಣನಾ?" ಅಂದು, ಆ ಕಡೆಯಿಂದ ಮಾತಿಲ್ಲದೆ ನಿಂತಿತಲ್ಲ. ಅದು ನಾನು.

ಅಮ್ಮ